ಎಲ್ಲರ ಚಿತ್ತಾರಕ್ಕೆ ಯಾರು ದಿಕ್ಕು?

ಗಜೇಂದ್ರಗಡದಲ್ಲಿ ನೇಯ್ದ ಸೀರೆಯ ಸೆರಗನ್ನು ಇಳಕಲ್ಲಿನಲ್ಲಿ ನೇಯ್ದ ಸೀರೆಯ ಪಕ್ಕ ಹಾಸಿ ನೋಡಿ. ಅದೇ ಕೆಂಪು, ಅದರ ಮೇಲೆ ಅದೇ ಬಿಳಿ ಚಿತ್ತಾರ: ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು. ದಡಿಗಳಿಗೂ ಎರಡೂ ಊರಿನಲ್ಲಿ ಅವೇ ಹೆಸರು: ಚಿಕ್ಕಿ, ಗೋಮಿ, ಗಾಡಿದಡಿ. ರೋಣ ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ಕಟ್ಟುವುದನ್ನು ಕಂಡವರಿಗೆ, ಗಜೇಂದ್ರಗಡದ ನೆತ್ತಿಯ ಮೇಲಿನ ಕೋಟೆಯನ್ನು ದಿನಾ ನೋಡುವವರಿಗೆ ಆ ಸೆರಗನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಯಾವ ನೇಕಾರನ ಹೆಸರೂ ಈ ಚಿತ್ತಾರಗಳಿಗೆ ಅಂಟಿಕೊಂಡಿಲ್ಲ. ಒಬ್ಬ ನೇಯ್ದ, ಪಕ್ಕದ ಮಗ್ಗದವನು ನೋಡಿದ, ಅವನೂ ನೇಯ್ದ. ಹೀಗೆ ಊರಿಂದೂರಿಗೆ ನಡೆದು ಅವು ಒಂದು ಸೀಮೆಯ ಸೊತ್ತಾದವು.

ಇದೇ ಸೀಮೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಡಿಸೈನ್ ಕೆಲಸ ಮಾಡುವ ಮಕ್ಕಳೂ ಇಂಥದೊಂದು ಭಂಡಾರವನ್ನು ನಡೆಸುತ್ತಾರೆ. ಬಟನ್, ಹೆಸರು ತುಂಬುವ ಚೌಕ, ಎಚ್ಚರಿಕೆಯ ಕೆಂಪು, ಅಕ್ಷರದ ಅಳತೆ, ಎಲ್ಲವನ್ನೂ ಒಮ್ಮೆ ಸರಿಯಾಗಿ ಮಾಡಿ ಲೈಬ್ರರಿಯಲ್ಲಿ ಇಡುತ್ತಾರೆ. ಫಿಗ್ಮಾದಂಥ ಉಪಕರಣದಲ್ಲಿ ಮೂಲ ಕಾಂಪೊನೆಂಟ್ ಒಂದೇ. ಪರದೆ ಪರದೆಯಲ್ಲೂ ಕಾಣುವುದು ಅದರ ಪ್ರತಿಗಳು. ಮೂಲವನ್ನು ತಿದ್ದಿ ಪಬ್ಲಿಷ್ ಮಾಡಿದಾಗ ಬಳಸುತ್ತಿರುವ ತಂಡಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಅವರು ಒಪ್ಪಿಕೊಂಡರೆ ತಿದ್ದುಪಡಿ ಅವರ ಫೈಲಿಗೂ ಇಳಿಯುತ್ತದೆ. ಯಾರಾದರೂ ತಮ್ಮ ಪ್ರತಿಯನ್ನು ಡಿಟ್ಯಾಚ್ ಮಾಡಿಬಿಟ್ಟರೆ ಅದು ಮೂಲದಿಂದ ಕಳಚಿಕೊಳ್ಳುತ್ತದೆ. ಆಮೇಲೆ ಮೂಲ ಎಷ್ಟೇ ಸುಧಾರಿಸಿದರೂ ಅದಕ್ಕೆ ತಲುಪುವುದಿಲ್ಲ.

ಕೆಲಸ ಬೇಗ ಆಗಲಿ ಎಂದು ಮಾಡಿಕೊಂಡ ಅನುಕೂಲ ಇದು ಎನ್ನಬಹುದು. ನಿಜವೇ. ಆದರೆ ನನಗೆ ಇದರ ಒಳಗೆ ಬಹಳ ಹಳೆಯ ಪ್ರಶ್ನೆಯೊಂದು ಕೂತಿರುವುದು ಕಾಣುತ್ತದೆ. ಹತ್ತು ಜನ ಬಳಸುವುದನ್ನು ಒಬ್ಬರು ನೋಡಿಕೊಳ್ಳಬೇಕಾಗಿ ಬಂದಾಗ ಆ ಒಬ್ಬರಿಗೆ ಅದರ ಮೇಲೆ ಇರುವ ಹಕ್ಕು ಎಷ್ಟು, ಋಣ ಎಷ್ಟು? ಯಾರೂ ನೋಡಿಕೊಳ್ಳದಿದ್ದರೆ ಏನಾಗುತ್ತದೆ?

ಎರಡನೆಯ ಪ್ರಶ್ನೆಗೆ ಗಜೇಂದ್ರಗಡವೇ ಉತ್ತರ ಕೊಟ್ಟಿದೆ. ಪಟ್ಟೇದ ಅಂಚಿನ ಸೀರೆ ಅಲ್ಲಿಯದು. ದಪ್ಪ ಹತ್ತಿ ನೂಲು, ಮೈತುಂಬ ಚೌಕಡಿ, ಅಗಲ ಅಂಚು, ಯಾವ ಮಗ್ಗುಲಲ್ಲಾದರೂ ಉಡಬಹುದು. ಹೊಲಮನೆಯ ದುಡಿತಕ್ಕೆ ತಾಳುವ ಸೀರೆ. ಸವದತ್ತಿ ಯಲ್ಲಮ್ಮನಿಗೂ ಅದನ್ನು ಅರ್ಪಿಸುತ್ತಿದ್ದರು. ಅಂಥದ್ದು ಮಗ್ಗದಿಂದ ಇಳಿದೇಹೋಯಿತು. ಅದನ್ನು ಯಾರೂ ದ್ವೇಷಿಸಿರಲಿಲ್ಲ, ಯಾರೂ ಬೇಡವೆಂದು ಕಟ್ಟಪ್ಪಣೆ ಮಾಡಿರಲಿಲ್ಲ. ಅಗ್ಗದ ಮಿಲ್ ಸೀರೆ ಬಂತು, ಕೇಳುವವರು ಕಡಿಮೆಯಾದರು, ನೇಕಾರ ಹೊಟ್ಟೆಪಾಡಿಗಾಗಿ ಮಗ್ಗಕ್ಕೆ ಬೇರೆ ಹಾಸು ಏರಿಸಿದ. ಎಲ್ಲರದ್ದಾಗಿದ್ದ ಸೀರೆಗೆ ಆಗ ತನ್ನವರು ಎನ್ನುವವರು ಯಾರೂ ಉಳಿದಿರಲಿಲ್ಲ. ಎಷ್ಟೋ ಕಾಲದ ಮೇಲೆ ಹೇಮಲತಾ ಜೈನ್ ಎಂಬ ಸಂಶೋಧಕಿ ಸವದತ್ತಿಯ ಕಡೆಯಿಂದ ಅದರ ಜಾಡು ಹಿಡಿದು, ಗಜೇಂದ್ರಗಡದ ನೇಕಾರರ ಕೈಯಲ್ಲೇ ಅದನ್ನು ಮತ್ತೆ ನೇಯಿಸಿದರು. ಅವರ ಸಂಸ್ಥೆಯ ಹೆಸರು ಪುನರ್ಜೀವನ.

ಕಳೆದುಹೋದದ್ದನ್ನು ಮತ್ತೆ ನೇಯುವಾಗ ಕೈಗೆ ಸಿಗುವುದು ಏನು, ಸಿಗದಿರುವುದು ಏನು ಎಂದು ನಾನು ಆಗಾಗ ಯೋಚಿಸುತ್ತೇನೆ. ಹಳೆಯ ಬಟ್ಟೆಯ ತುಣುಕೊಂದಿದ್ದರೆ ಎಳೆ ಎಣಿಸಬಹುದು, ಚೌಕದ ಅಳತೆ ಹಿಡಿಯಬಹುದು, ನೂಲಿನ ದಪ್ಪ ಗುರುತಿಸಬಹುದು. ಯಾವ ಅಂಚನ್ನು ಯಾರು ಯಾವಾಗ ಉಡುತ್ತಿದ್ದರು, ಯಾವ ಬಣ್ಣದ ಪಕ್ಕ ಯಾವುದನ್ನು ಇಡುತ್ತಿರಲಿಲ್ಲ, ಯಾಕೆ ಇಡುತ್ತಿರಲಿಲ್ಲ, ಇವು ಬಟ್ಟೆಯಲ್ಲಿ ಇರುವುದಿಲ್ಲ. ನೇಯುವವರಿಗೂ ಉಡುವವರಿಗೂ ನಡುವೆ ನಡೆಯುತ್ತಿದ್ದ ಮಾತಿನಲ್ಲಿ ಅವು ಇದ್ದವು. ಮಾತು ನಿಂತಿತು, ಅವೂ ಹೋದವು. ಲೈಬ್ರರಿ ನೋಡಿಕೊಳ್ಳುವವರಲ್ಲಿ ಬಲ್ಲವರು ಪ್ರತಿ ಕಾಂಪೊನೆಂಟಿನ ಜೊತೆಗೆ ಇದು ಎಲ್ಲಿ ಸಲ್ಲುತ್ತದೆ, ಎಲ್ಲಿ ಬೇಡ, ಯಾವ ಕಾರಣಕ್ಕೆ ಈ ಅಳತೆಗೆ ಬಂದೆವು ಎಂದು ನಾಲ್ಕು ಸಾಲು ಬರೆದಿಡುತ್ತಾರೆ. ಕೆಲಸದ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದೂ ಆ ನಾಲ್ಕು ಸಾಲೇ.

ಇನ್ನು ನವಲಗುಂದ. ನರಗುಂದದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಊರಿನ ಜಮಖಾನೆ ಹೆಂಗಸರ ಕಸುಬು, ಹೆಚ್ಚಾಗಿ ಮುಸ್ಲಿಂ ಮನೆಗಳಲ್ಲಿ ಬೆಳೆದದ್ದು. ನವಿಲು, ಪಗಡೆಹಾಸಿನ ಚೌಕ, ನಮಾಜಿನ ಹಾಸು. ಆ ವಿನ್ಯಾಸ ಬೇರೆ ಊರಿಗೆ ಹೋಗಬಾರದೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುವ ರೂಢಿ ಇತ್ತೆಂದು ಹೇಳುತ್ತಾರೆ. ಆ ಎಚ್ಚರವನ್ನು ನಾನು ಹಗುರವಾಗಿ ಕಾಣಲಾರೆ. ಕೈಕಸುಬೊಂದೇ ಆಸ್ತಿಯಾಗಿರುವ ಮನೆ ಅದಕ್ಕೆ ಬೀಗ ಹಾಕಿದರೆ ತಪ್ಪೆನ್ನುವುದು ಹೇಗೆ? ಆದರೂ ಈಗ ಆ ಮಗ್ಗದ ಮುಂದೆ ಕೂರುವ ಹೆಂಗಸರು ಬೆರಳೆಣಿಕೆಯಷ್ಟು. ನವಲಗುಂದದ ಜಮಖಾನೆಗೂ ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆ ಕಾನೂನು ಹೆಸರನ್ನು ಕಾಯುತ್ತದೆ, ಬೇರೆಯವರು ಆ ಹೆಸರಿನಲ್ಲಿ ಮಾರದಂತೆ ತಡೆಯುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ಕಸುಬು ದಾಟಿಸುವ ಕೆಲಸವನ್ನು ಅದು ಮಾಡಲಾರದು.

ಕಸೂತಿಯ ರೀತಿಯೇ ಬೇರೆ, ಮತ್ತು ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಅಲ್ಲೇ. ಚಂದ್ರಕಾಳಿ ಸೀರೆಯ ಮೇಲೆ, ಕುಪ್ಪಸದ ಮೇಲೆ, ಮಗುವಿನ ಕುಂಚಿಗೆಯ ಮೇಲೆ ಹಾಕುತ್ತಿದ್ದ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ಗಿಳಿ, ನವಿಲು ಇಡೀ ಧಾರವಾಡ ಸೀಮೆಯ ಹೆಂಗಸರ ಸಮಾನ ಸೊತ್ತು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ, ಅಚ್ಚು ಒತ್ತುವಂತಿಲ್ಲ. ಹಾಸುಹೊಕ್ಕಿನ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಹೊಲಿಗೆ ನಾಲ್ಕು: ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ. ಗವಂತಿಯಲ್ಲಿ ಸೂಜಿ ಮೊದಲು ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಹೊರಡುತ್ತದೆ. ಗೆರೆ ತುಂಡುತುಂಡಾಗಿ ಕಾಣುತ್ತದೆ. ತುದಿ ಮುಟ್ಟಿ ತಿರುಗಿ ಬರುವಾಗ ಬಿಟ್ಟ ಜಾಗವನ್ನೆಲ್ಲ ತುಂಬಿಕೊಂಡು, ಹೊರಟ ಕಡೆಗೇ ಬಂದು ಮುಗಿಯುತ್ತದೆ. ಆಗ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. "ಎಳಿ ಎಣಿಸಿ ಹಾಕವಾ, ಹಿಂದ ಗಂಟ ಬೀಳಬಾರ್ದು" ಎಂದು ಕಲಿಸುವ ಅವ್ವಂದಿರು ತಾಕೀತು ಮಾಡುತ್ತಾರೆ. ಗೋಪುರಕ್ಕೆ ಎಷ್ಟು ಅಂತಸ್ತು, ಆನೆಯ ಪಕ್ಕ ಗಿಳಿಯೋ ತೇರೋ ಎನ್ನುವುದು ಹಾಕುವವಳ ಇಷ್ಟ. ದಾರ ಹೊರಟಲ್ಲಿಗೆ ಮರಳಬೇಕು ಎನ್ನುವುದರಲ್ಲಿ ಮಾತ್ರ ಅವಳ ಇಷ್ಟ ನಡೆಯುವುದಿಲ್ಲ.

ಚಿತ್ರ ಹುಟ್ಟುವ ಲೆಕ್ಕವನ್ನೇ ಅವರು ಹಂಚಿಕೊಂಡಿದ್ದರು. ಹಾಗಾಗಿ ಕಲಿತ ಪ್ರತಿಯೊಬ್ಬಳೂ ಭಂಡಾರದ ಒಡತಿಯೂ ಆದಳು, ಕಾವಲಿನವಳೂ ಆದಳು. ಒಬ್ಬಳ ಗೋಪುರ ಇನ್ನೊಬ್ಬಳದ್ದರ ಹಾಗೆ ಇರಬೇಕಿರಲಿಲ್ಲ, ಆದರೂ ಎರಡೂ ಕಸೂತಿಯೇ. ಹಿಂಬದಿಯ ಶುಚಿಗೆ ಅಷ್ಟು ಪಟ್ಟು ಯಾಕೆ ಎಂದು ಕೇಳಿಕೊಂಡಾಗ ನನಗೆ ಹೊಳೆದದ್ದು ಇದು: ಹೊಸ ಹೊಲಿಗೆ ಕಂಡ ಹೆಂಗಸು ಮೊದಲು ಮಾಡುವ ಕೆಲಸ ಬಟ್ಟೆಯನ್ನು ಮಗುಚಿ ನೋಡುವುದು. ದಾರ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅವಳು ಓದುವುದು ಆ ಮಗ್ಗುಲಿನಿಂದ. ಲೈಬ್ರರಿಗೂ ಹಿಂಬದಿ ಇದೆ. ಕಾಂಪೊನೆಂಟಿಗೆ ಇಟ್ಟ ಹೆಸರು, ಒಳಗಿನ ಪದರಗಳ ಅನುಕ್ರಮ, ಈ ಸಲ ಏನು ಬದಲಾಯಿತು ಎಂಬ ಟಿಪ್ಪಣಿ, ಇವು ಗ್ರಾಹಕರ ಕಣ್ಣಿಗೆ ಎಂದೂ ಬೀಳುವುದಿಲ್ಲ. ಮುಂದಿನ ವರ್ಷ ಕೆಲಸಕ್ಕೆ ಸೇರುವ ಹುಡುಗಿ ಅಲ್ಲಿಂದಲೇ ಕಲಿಯಬೇಕು. ಹಾಗೆ ನೋಡಿದರೆ ಆ ಹಿಂಬದಿಯ ಕೆಲಸ ಇನ್ನೂ ಮುಖ ನೋಡದ ಒಬ್ಬರ ಮೇಲಿನ ಪ್ರೀತಿ. ಅದನ್ನು ಅಷ್ಟು ದೊಡ್ಡ ಮಾತಿನಲ್ಲಿ ಹೇಳಲು ನನಗೆ ಸಂಕೋಚವಿಲ್ಲ.

ಒಂದು ಚಿಕ್ಕ ಸಂಗತಿಯನ್ನು ತೆಗೆದುಕೊಳ್ಳೋಣ. ಇಂಗ್ಲಿಷ್ ಅಕ್ಷರದ ಎತ್ತರ ಲೆಕ್ಕ ಹಾಕಿ ಮಾಡಿದ ಬಟನ್. ಅದರಲ್ಲಿ "ಸಬ್ಮಿಟ್" ಎಂದು ಇಂಗ್ಲಿಷಿನಲ್ಲಿ ಇದ್ದಾಗ ಚೆನ್ನಾಗಿಯೇ ಕಾಣುತ್ತದೆ. ಅಲ್ಲಿಗೆ "ಸಲ್ಲಿಸಿ" ಬಂದರೆ ಕೆಳಗಿನ ಲಕಾರದ ಒತ್ತು ಅಂಚಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. "ಮುಂದಕ್ಕೆ" ಎಂಬುದರ ಒತ್ತೂ ಹೋಗುತ್ತದೆ. ರೋಣದ ರೈತನೊಬ್ಬ ಬೆಳೆವಿಮೆಗೆ ಮೊಬೈಲಿನಲ್ಲಿ ಅರ್ಜಿ ತುಂಬುವಾಗ ಕಾಣುವುದು ಒತ್ತಿಲ್ಲದ ಅರೆಬರೆ ಕನ್ನಡ. ಅವನು ಊಹಿಸಿ ಒತ್ತುತ್ತಾನೆ, ಕೆಲಸ ಸಾಗುತ್ತದೆ. ಆದರೆ ತನ್ನ ಭಾಷೆಯನ್ನು ಇಲ್ಲಿ ಯಾರೋ ಅವಸರದಲ್ಲಿ ತುರುಕಿದ್ದಾರೆ ಎಂಬುದು ಅವನಿಗೆ ತಿಳಿಯದೇ ಇರುವುದಿಲ್ಲ. ಲೈಬ್ರರಿ ನೋಡಿಕೊಳ್ಳುವವಳು ಮೂಲ ಬಟನ್ನಿನ ಸಾಲಿನ ಎತ್ತರವನ್ನು ಒಂದಿಷ್ಟು ಹೆಚ್ಚಿಸಿ ಪಬ್ಲಿಷ್ ಮಾಡಿದರೆ, ಅದನ್ನು ಬಳಸುತ್ತಿರುವ ಎಲ್ಲ ಪರದೆಗಳಲ್ಲೂ ಆ ಒತ್ತು ಮರಳಿ ಬರುವ ದಾರಿ ತೆರೆಯುತ್ತದೆ. ಹೀಗೆ ಒಂದೇ ಕಡೆ ಕೂತು ಅಷ್ಟು ಜನರ ಕಣ್ಣಿಗೆ ನೆಮ್ಮದಿ ಕೊಡುವ ಅವಕಾಶ ಎಷ್ಟು ಕಸುಬಿನಲ್ಲಿದೆ?

ಅದೇ ಅಧಿಕಾರ ಅಪಾಯವೂ ಹೌದು. ಎತ್ತರ ಬದಲಾದರೆ ಯಾರದೋ ಪರದೆಯಲ್ಲಿ ಕೊನೆಯ ಸಾಲು ಕೆಳಗೆ ಜಾರುತ್ತದೆ, ಯಾರದೋ ಪಟ್ಟಿ ಮುರಿಯುತ್ತದೆ. ಆದ್ದರಿಂದ ಅವಳು ತನಗೆ ಸರಿಯೆನಿಸಿದ್ದನ್ನು ರಾತ್ರೋರಾತ್ರಿ ಬಿಡುವಂತಿಲ್ಲ. ಬಳಸುವವರನ್ನು ಮೊದಲು ಕೇಳಬೇಕು, ಹಳೆಯದು ಎಂದಿನವರೆಗೆ ಇರುತ್ತದೆ ಎಂದು ಹೇಳಬೇಕು, ಅವರು ಒಪ್ಪುವವರೆಗೆ ಕಾಯಬೇಕು. ತನ್ನ ಕೈಯಿಂದ ಹುಟ್ಟಿದ್ದನ್ನು ತನ್ನದೆಂದು ಹಿಡಿದುಕೊಳ್ಳದೆ, ಹಾಗೆಂದು ಕೈಯನ್ನೂ ಬಿಡದೆ ಇರುವುದು ಸುಲಭದ ಸಾಧನೆಯಲ್ಲ.

ಡಿಟ್ಯಾಚ್ ಆದ ಬಟನ್‌ಗಳು ಆಗಲೂ ಉಳಿದಿರುತ್ತವೆ. ಅವಕ್ಕೆ ಈ ತಿದ್ದುಪಡಿ ಮುಟ್ಟುವುದಿಲ್ಲ. ಒತ್ತು ಕತ್ತರಿಸಿಕೊಂಡೇ ಕೂತಿರುತ್ತವೆ. ಅವನ್ನು ಹುಡುಕಿ ಒಂದೊಂದನ್ನೇ ಸರಿಪಡಿಸಬೇಕು. ಕಳಚಿಕೊಂಡವರ ಮೇಲೆ ಆಗ ಸಿಟ್ಟು ಬರುವುದು ಸಹಜ. ಆದರೆ ಅವಳು ಮೊದಲು ಕೇಳಬೇಕಾದದ್ದು ಅವರು ಕಳಚಿಕೊಂಡದ್ದು ಯಾಕೆ ಎಂದು. ಕೆಲವರು ಅವಸರದಲ್ಲಿ ಮಾಡಿರುತ್ತಾರೆ. ಕೆಲವರು ಹೇಳುವ ಕಾರಣ ಕೇಳಿದರೆ ಲೈಬ್ರರಿಯನ್ನೇ ತಿದ್ದಬೇಕಾಗುತ್ತದೆ: "ನೋಂದಣಿಯನ್ನು ದೃಢೀಕರಿಸಿ" ಎಂದು ಬರೆಯಲು ಆ ಬಟನ್ನಿನಲ್ಲಿ ಅವರಿಗೆ ಜಾಗವೇ ಸಿಕ್ಕಿರಲಿಲ್ಲ.