ಬೆರಳಿನ ಹರಕೆ

ಆಚಾರವೆಂಬುದು ಹಿರಿಯರಿಂದ ಬಂದ ಸೊತ್ತು. ಅದನ್ನು ಬಿಡಲು ಮನಸ್ಸು ಅಳುಕುವುದು ಸಹಜ. ಆದರೆ ಸೊತ್ತಿನೊಡನೆ ಸಾಲವೂ ಬರುವುದುಂಟು. ಆ ಸಾಲವನ್ನು ಯಾರು ತೀರಿಸಬೇಕು, ಯಾವುದರಿಂದ ತೀರಿಸಬೇಕು ಎಂಬುದು ಧರ್ಮವಿಚಾರದಲ್ಲಿ ಅಲ್ಪವಾದ ಪ್ರಶ್ನೆಯಲ್ಲ. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಅರಸಬೇಕಾಗಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳನ್ನೊಳಗೊಂಡ ಸೀಮೆಗೆ ಮೊರಸುನಾಡೆಂದು ಹಳೆಯ ಹೆಸರು. ಇಲ್ಲಿಯ ಮೊರಸು ಒಕ್ಕಲಿಗರ ಒಂದು ಶಾಖೆಯವರನ್ನು ‘ಬೆರಳು ಕೊಡುವ ಒಕ್ಕಲು’ ಎಂದು ಕರೆಯುತ್ತಿದ್ದರು. ಹಿರಿಯ ಮಗಳ ವಿವಾಹನಿಶ್ಚಯಕ್ಕೆ ಪೂರ್ವಭಾವಿಯಾಗಿ ಅವಳ ಕಿವಿ ಚುಚ್ಚಿಸುವ ಸಮಯದಲ್ಲಿ, ತಾಯಿಯಾದವಳು ತನ್ನ ಬಲಗೈಯ ಉಂಗುರಬೆರಳು ಕಿರುಬೆರಳುಗಳ ತುದಿಗಿಣ್ಣನ್ನು ದೇವರಿಗೆ ಒಪ್ಪಿಸಬೇಕಾಗಿದ್ದಿತು. ಊರಿನ ಕಮ್ಮಾರನು ಬೆರಳನ್ನು ಕೊರಡಿನ ಮೇಲಿರಿಸಿ ಉಳಿಯಿಂದ ಕಡಿಯುವನು. ಅದಕ್ಕೆ ಗೊತ್ತಾದ ಕೂಲಿಯೂ ಇದ್ದಿತು. ಹುಡುಗಿಯು ತಾಯಿಯಿಲ್ಲದವಳಾದರೆ ವರನ ತಾಯಿಯು, ಮೊದಲೇ ಕೊಟ್ಟಿರದಿದ್ದ ಪಕ್ಷದಲ್ಲಿ, ತನ್ನ ಬೆರಳನ್ನು ಕೊಡಬೇಕು. ಮಾರ್ಕ್ ವಿಲ್ಕ್ಸ್, ಬಿ. ಎಲ್. ರೈಸ್ ಮೊದಲಾದವರು ಈ ಪದ್ಧತಿಯನ್ನು ಬರೆದಿಟ್ಟಿದ್ದಾರೆ.

ಇದಕ್ಕೆ ಮೂಲವೆಂದು ಹೇಳುವ ಕಥೆಯು ಹೀಗಿದೆ. ತಾನು ಮುಟ್ಟಿದವರ ತಲೆ ಬೂದಿಯಾಗಲೆಂಬ ವರವನ್ನು ಪಡೆದ ವೃಕಾಸುರನು ಪರಮೇಶ್ವರನನ್ನೇ ಬೆನ್ನಟ್ಟಿದನು. ಅಡಗಿಕೊಂಡ ದೇವರೆಲ್ಲಿ ಎಂದು ಅಸುರನು ಹೊಲದಲ್ಲಿದ್ದ ಒಕ್ಕಲಿಗನನ್ನು ಕೇಳಲು, ಅವನು ಬಾಯಿಯಿಂದ ‘ಕಾಣೆ’ ಎಂದು, ಕಿರುಬೆರಳಿನಿಂದ ಎಡೆಯನ್ನು ತೋರಿಸಿದನು. ವಿಷ್ಣುವು ಮೋಹಿನಿಯಾಗಿ ಬಂದು ಅಸುರನನ್ನು ನೀಗಿಸಿದ ಬಳಿಕ, ಮಹಾದೇವನು ಆ ಬೆರಳನ್ನು ಕಡಿಸಲು ಹೊರಟನು. ಅಷ್ಟರಲ್ಲಿ ಬುತ್ತಿಯನ್ನು ತಂದ ಹೆಂಡತಿಯು, ಗಂಡನ ಕೈ ಊನವಾದರೆ ಬೇಸಾಯ ಕೆಡುವುದೆಂದು, ಒಂದಕ್ಕೆ ಬದಲಾಗಿ ತನ್ನ ಎರಡು ಬೆರಳುಗಳನ್ನು ಮುಂದೊಡ್ಡಿದಳು. ದೇವರು ಮೆಚ್ಚಿ, ಅವಳ ಸಂತತಿಯ ಹೆಣ್ಣುಗಳೆಲ್ಲರೂ ಹಾಗೆಯೇ ಮಾಡಲೆಂದು ವಿಧಿಸಿದನಂತೆ.

ಆ ಹೆಂಗಸಿನ ತ್ಯಾಗವನ್ನು ಯಾರೂ ಹಳಿಯಲಾರರು. ಆದರೆ ಅವಳು ಕೊಟ್ಟದ್ದು ತನ್ನ ಬೆರಳು. ಅವಳ ಮಗಳಾಗಲಿ ಮೊಮ್ಮಗಳಾಗಲಿ ಹಾಗೆ ಕೈಯೊಡ್ಡಲಿಲ್ಲ. ಅವರ ಪಾಲಿಗೆ ಅದು ತೆರಿಗೆಯಾಯಿತು. ದಾನವು ವಿಧಿಯಾದೊಡನೆ ದಾನವೆಂಬ ಹೆಸರನ್ನು ಕಳೆದುಕೊಳ್ಳುತ್ತದೆ.

ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿಯ ವಿಚಾರ ಬರುತ್ತದೆ. ವ್ರೀಹಿ ದೊರೆಯದಿದ್ದರೆ ನೀವಾರದಿಂದ ಯಾಗವನ್ನು ಮುಗಿಸಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ಆದರೆ ಫಲವನ್ನು ಬಯಸಿ ಯಾಗ ಮಾಡುವ ಯಜಮಾನನಿಗೆ ಪ್ರತಿನಿಧಿಯಿಲ್ಲ. ಮೊರಸುನಾಡಿನ ಹರಕೆಯಲ್ಲಿ ಈ ನ್ಯಾಯವು ತಲೆಕೆಳಗಾಗಿದ್ದಿತು: ತಪ್ಪುಮಾಡಿದ ಕರ್ತನಿಗೆ ಪ್ರತಿನಿಧಿ ಬಂದಳು, ರಕ್ತಮಾಂಸದ ದ್ರವ್ಯಕ್ಕೆ ಮಾತ್ರ ಪ್ರತಿನಿಧಿಯನ್ನು ಒಪ್ಪಲಿಲ್ಲ.

ಮೈಸೂರು ಸರ್ಕಾರದವರು ಈ ಪದ್ಧತಿಯನ್ನು ನಿಷೇಧಿಸಿದರು. ಆ ಬಳಿಕ ಹೆಂಗಸರು ಬೆರಳಿಗೆ ಚಿನ್ನದ ಅಥವಾ ಬೆಳ್ಳಿಯ ಕವಚವನ್ನು ತೊಟ್ಟು, ಅದನ್ನೇ ಕಳಚಿ ಒಪ್ಪಿಸುತ್ತಿದ್ದರೆಂದು 1909ರಲ್ಲಿ ಅಚ್ಚಾದ ಥರ್ಸ್ಟನ್ನನ ಗ್ರಂಥದಿಂದ ತಿಳಿದುಬರುತ್ತದೆ. ದೇವರು ಮುನಿಯಲಿಲ್ಲ, ಮದುವೆಗಳು ನಿಲ್ಲಲಿಲ್ಲ.

ಇಂದು ಲೋಕದ ಮುಂದಿರುವ ಇನ್ನೂ ಘೋರವಾದ ಒಂದು ಆಚಾರಕ್ಕೂ ಈ ವಿಚಾರವು ಸಲ್ಲುತ್ತದೆ. ಅದು ಹೆಣ್ಣುಮಕ್ಕಳ ಜನನಾಂಗಚ್ಛೇದ. ಹೀಗೆ ಗಾಯಗೊಂಡು ಬದುಕಿರುವ ಸ್ತ್ರೀಯರ ಸಂಖ್ಯೆಯು 23 ಕೋಟಿಗೂ ಹೆಚ್ಚೆಂದು ಯುನಿಸೆಫ್ ಸಂಸ್ಥೆಯು 2024ರಲ್ಲಿ ಅಂದಾಜುಮಾಡಿತು. ರಕ್ತಸ್ರಾವ, ಮೂತ್ರಬಾಧೆ, ಹೆರಿಗೆಯ ಸಂಕಟಗಳು ಇದರ ಫಲ. ಬೆರಳನ್ನು ಕೊಟ್ಟವಳು ಪ್ರಾಯದ ತಾಯಿ. ಇಲ್ಲಿ ನೋಯುವವಳು ಬಹುಮಟ್ಟಿಗೆ ಅರಿಯದ ಬಾಲೆ. ಕುಲದ ಮಾನವೂ ಮದುವೆಯ ಯೋಗ್ಯತೆಯೂ ಮನೆಯವರಿಗೆ, ನೋವು ಅವಳಿಗೆ. ಇದನ್ನು ನಿಲ್ಲಿಸಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯು 2012ರಲ್ಲಿ ನಿರ್ಣಯಮಾಡಿತು. 2030ರೊಳಗೆ ಕೊನೆಗಾಣಿಸುವುದು ರಾಷ್ಟ್ರಗಳು ಒಪ್ಪಿಕೊಂಡಿರುವ ಗುರಿ.

ನಿಷೇಧವೊಂದರಿಂದಲೇ ಕಾರ್ಯವಾಗುವುದೇ? ಕೆನ್ಯಾದೇಶದ ಮೇರು ಸೀಮೆಯಲ್ಲಿ 1956ರಲ್ಲಿ ಹಿರಿಯರ ಸಭೆಯು ಇದನ್ನು ನಿಷೇಧಿಸಿದಾಗ, ತಾವು ಹೆಂಗಸರ ಗಣನೆಗೆ ಬಾರದೆ ಹೋಗುವೆವೆಂದು ಅಂಜಿದ ಹುಡುಗಿಯರು ತಮ್ಮನ್ನು ತಾವೇ ಕೊಯ್ದುಕೊಳ್ಳತೊಡಗಿದರು. ನಲವತ್ತು ವರ್ಷಗಳ ತರುವಾಯ, 1996ರಲ್ಲಿ, ಅದರ ನೆರೆಯ ಥರಾಕಾದಲ್ಲಿ ‘ಮಾತಿನಿಂದ ಸಂಸ್ಕಾರ’ ಎಂಬ ಹೊಸ ವಿಧಿಯು ಮೊದಲಾಯಿತು. ಹುಡುಗಿಯರಿಗೆ ಏಕಾಂತವಾಸ, ಹಿರಿಯರ ಉಪದೇಶ, ಹಾಡು, ಹಬ್ಬ ಎಲ್ಲವೂ ಉಂಟು, ಕತ್ತಿಯೊಂದಿಲ್ಲ. ಮೊರಸುನಾಡಿನ ಚಿನ್ನದ ಕವಚಕ್ಕೂ ಇದಕ್ಕೂ ಇರುವ ಸಾಮ್ಯವನ್ನು ವಾಚಕರೇ ಊಹಿಸಬಹುದು. ಕಾನೂನು ಕೈಯನ್ನು ತಡೆಯಬಲ್ಲುದು; ಬರಿದಾದ ಎಡೆಯನ್ನು ತುಂಬುವುದು ಪ್ರತಿನಿಧಿಯ ಕೆಲಸ.

ಆದರೂ ದ್ರವ್ಯವು ಬದಲಾದ ಮಾತ್ರಕ್ಕೆ ಸಾಲವು ಪೂರ್ತಿಯಾಗಿ ತೀರಿತೆನ್ನಲಾಗದು. ಚಿನ್ನದ ಕವಚವನ್ನು ತೊಟ್ಟದ್ದೂ ಹೆಂಗಸಿನ ಬೆರಳೇ. ಅಂದು ಹೊಲದಲ್ಲಿ ದೇವರ ಎಡೆಯನ್ನು ತೋರಿಸಿದ ಬೆರಳಿನ ಒಡೆಯನನ್ನು ಅವನ ಪಾಲೇನೆಂದು ಕೇಳುವುದು ಇನ್ನೂ ಉಳಿದಿದೆ.