ಹಿನ್ನಡೆ ಅಪರಾಧವೇ?

ಸೋಲು ಎಂಬುದು ಒಂದು ಮಾತು, ತಪ್ಪು ಎಂಬುದು ಇನ್ನೊಂದು ಮಾತು. ಮಗುವೊಂದು ಓಟದಲ್ಲಿ ಹಿಂದೆ ಬಿದ್ದರೆ ಅದು ತಪ್ಪು ಮಾಡಿತೆಂದು ಯಾರೂ ಹೇಳುವುದಿಲ್ಲ. ಮುಪ್ಪಿನಲ್ಲಿರುವವರ ಕೈ ನಡುಗಿ ಲೋಟ ಬಿದ್ದರೆ ಅವರನ್ನು ಯಾರೂ ದೂರುವುದಿಲ್ಲ. ಆದರೆ ಮೂವತ್ತು ದಾಟಿದವರು ಬದುಕಿನಲ್ಲಿ ಎಡವಿದಾಗ ಮಾತ್ರ ಈ ಎರಡು ಮಾತುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಕೆಲಸ ಕಳೆದುಕೊಂಡವನು, ಮದುವೆ ಕೂಡಿಬರದವಳು, ಮಕ್ಕಳಿಲ್ಲದ ದಂಪತಿ, ಅಂಗಡಿ ಮುಚ್ಚಿ ಸಾಲದ ಕಂತು ಕಟ್ಟುತ್ತಿರುವವರು, ಇವರೆಲ್ಲರೂ ಏನೋ ಅಪರಾಧ ಮಾಡಿದವರಂತೆ ತಲೆತಗ್ಗಿಸಿ ನಡೆಯುತ್ತಾರೆ. ಹಿನ್ನಡೆ ನಿಜಕ್ಕೂ ಅಪರಾಧವೇ?

ಮೂವತ್ತರ ವಯಸ್ಸಿಗೇ ಈ ಭಾರ ಏಕೆ ಎಂದು ಕೇಳಬಹುದು. ಇಪ್ಪತ್ತರ ಹರೆಯದಲ್ಲಿ ಸೋತರೆ, ‘ಇನ್ನೂ ಸಮಯವಿದೆ’ ಎನ್ನುತ್ತಾರೆ. ಅರವತ್ತರಲ್ಲಿ ಸೋತರೆ, ‘ಪಾಪ, ಅವರ ಕೈಲಾದುದನ್ನು ಮಾಡಿದರು’ ಎನ್ನುತ್ತಾರೆ. ಮೂವತ್ತರಲ್ಲಿ ಈ ಎರಡು ರಿಯಾಯಿತಿಗಳೂ ಇಲ್ಲ. ಒಂದು ಕಡೆ ಮಕ್ಕಳ ಶಾಲೆಯ ಶುಲ್ಕ, ಇನ್ನೊಂದು ಕಡೆ ತಂದೆತಾಯಿಯ ಔಷಧಿ, ನಡುವೆ ಮನೆಯ ಬಾಡಿಗೆ. ತನ್ನನ್ನು ನಂಬಿಕೊಂಡವರು ಹಿಂದೆಯೂ ಇದ್ದಾರೆ, ಮುಂದೆಯೂ ಇದ್ದಾರೆ. ಸಾಲದೆಂಬಂತೆ ಒಂದೇ ಬೆಂಚಿನಲ್ಲಿ ಕುಳಿತು ಓದಿದವರ ಬದುಕು ಈ ವೇಳೆಗೆ ನಾನಾ ದಾರಿ ಹಿಡಿದಿರುತ್ತದೆ. ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾಲ್ಕು ಜನ ಸೇರಿದರೆ ಸಾಕು, ಯಾರು ಮನೆ ಕಟ್ಟಿಸಿದರು, ಯಾರು ಹೊರದೇಶಕ್ಕೆ ಹೋದರು ಎಂಬ ಲೆಕ್ಕ ತಾನಾಗಿಯೇ ತೆರೆದುಕೊಳ್ಳುತ್ತದೆ.

ಈ ಲೆಕ್ಕಕ್ಕೆ ನಮ್ಮಲ್ಲಿ ಒಂದು ಗಾದೆಯ ಬೆಂಬಲವೂ ಇದೆ: ಮಾಡಿದ್ದುಣ್ಣೋ ಮಹರಾಯ. ಸುಳ್ಳು ಹೇಳಿ ಸಿಕ್ಕಿಬಿದ್ದವನಿಗೆ, ಕುಡಿದು ಆರೋಗ್ಯ ಕೆಡಿಸಿಕೊಂಡವನಿಗೆ ಈ ಗಾದೆ ಸಲ್ಲಬಹುದು. ಆದರೆ ನಾವು ಅದನ್ನು ತಿರುವಿ ಓದುತ್ತೇವೆ. ‘ಮಾಡಿದವನು ಉಣ್ಣುತ್ತಾನೆ’ ಎಂಬುದನ್ನು ‘ಉಣ್ಣುತ್ತಿರುವವನು ಏನೋ ಮಾಡಿರಲೇಬೇಕು’ ಎಂದು ಮಾಡಿಬಿಡುತ್ತೇವೆ. ಅನ್ಯಾಯ ಹುಟ್ಟುವುದು ಈ ತಿರುವಿನಲ್ಲಿ.

ಇದು ಹೊಸ ತಪ್ಪಲ್ಲ. ಯೋಬನ ಮೂವರು ಗೆಳೆಯರು ಅವನ ದುಃಖವನ್ನು ಕಂಡು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಕೊಟ್ಟ ನಿಜವಾದ ಸಾಂತ್ವನವೆಂದರೆ ಅದೊಂದೇ. ಬಾಯಿ ತೆರೆದೊಡನೆ ಅವನ ಪಾಪವನ್ನು ಹುಡುಕತೊಡಗಿದರು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಯೇಸುಸ್ವಾಮಿಯನ್ನು ವಿಚಾರಿಸಿದರು. ಸ್ವಾಮಿ ಆ ಎರಡು ಉತ್ತರಗಳನ್ನೂ ಒಪ್ಪಲಿಲ್ಲ. ಸಿಲೋವಾಮಿನ ಗೋಪುರ ಕುಸಿದು 18 ಜನರು ಸತ್ತ ಸಂಗತಿಯನ್ನೂ ಅವರು ಎತ್ತಿಕೊಂಡರು. ಸತ್ತವರು ಉಳಿದವರಿಗಿಂತ ಹೆಚ್ಚಿನ ಅಪರಾಧಿಗಳಲ್ಲ ಎಂದು ತಿಳಿಸಿ, ಕೇಳುತ್ತಿದ್ದವರ ಗಮನವನ್ನು ಅವರವರ ಬಾಳಿನ ಕಡೆಗೇ ತಿರುಗಿಸಿದರು.

ನಮ್ಮ ಕಾಲದಲ್ಲೂ ಗೋಪುರಗಳು ಕುಸಿದಿವೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮನೆಗಳೂ ಕಾಫಿ ತೋಟಗಳೂ ಮಣ್ಣುಪಾಲಾದವು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಎಷ್ಟೋ ಸಣ್ಣ ಹೋಟೆಲುಗಳು, ಹೊಲಿಗೆ ಅಂಗಡಿಗಳು, ಬಾಡಿಗೆ ಕಾರಿನ ಬದುಕುಗಳು ನಿಂತುಹೋದವು. ಪ್ರಾಮಾಣಿಕನ ಅಂಗಡಿಯನ್ನೂ ಮೋಸಗಾರನ ಅಂಗಡಿಯನ್ನೂ ಆ ಬೀಗ ಬೇರೆಬೇರೆಯಾಗಿ ನೋಡಲಿಲ್ಲ.

ಹಾಗೆಂದು ಎಲ್ಲ ಹಿನ್ನಡೆಗಳಿಗೂ ಕಾಲವೇ ಹೊಣೆ, ನಮ್ಮ ಪಾಲು ಏನೂ ಇಲ್ಲ ಎನ್ನುವುದೂ ಸತ್ಯವಲ್ಲ. ಸೋಮಾರಿತನ, ದುಂದುಗಾರಿಕೆ, ಹಿರಿಯರ ಮಾತನ್ನು ತಳ್ಳಿಹಾಕುವ ಹಟ, ಇವುಗಳಿಂದ ಬಂದ ಸೋಲುಗಳೂ ಇವೆ. ಆದ್ದರಿಂದಲೇ ಎರಡು ಲೆಕ್ಕದ ಪುಸ್ತಕಗಳನ್ನು ಬೇರೆಬೇರೆ ಇಡಬೇಕು. ನಾನು ಮಾಡಿದ್ದು ಒಂದರಲ್ಲಿ, ನನಗೆ ಆದದ್ದು ಇನ್ನೊಂದರಲ್ಲಿ. ಮೊದಲನೆಯದಕ್ಕೆ ಬೇಕಾದುದು ಪಶ್ಚಾತ್ತಾಪ ಮತ್ತು ತಿದ್ದುಪಡಿ. ಎರಡನೆಯದಕ್ಕೆ ಬೇಕಾದುದು ಕಣ್ಣೀರು, ತಾಳ್ಮೆ ಮತ್ತು ಮರುದಿನದ ದುಡಿಮೆ. ತಪ್ಪಿಗಾಗಿ ಅತ್ತು ಸುಮ್ಮನಾದರೆ ಅದು ತಿದ್ದುವುದಿಲ್ಲ. ದುರದೃಷ್ಟಕ್ಕಾಗಿ ಪಶ್ಚಾತ್ತಾಪಪಟ್ಟರೆ ಮನಸ್ಸು ಸುಳ್ಳು ಸಾಲವೊಂದನ್ನು ಜೀವಮಾನವಿಡೀ ತೀರಿಸುತ್ತಿರುತ್ತದೆ.

ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಅದು ನಮಗೆ ಅಷ್ಟು ಹಿತವಾದುದಲ್ಲ. ಹಿನ್ನಡೆ ಅಪರಾಧವಲ್ಲವಾದರೆ, ಏಳಿಗೆಯೂ ಪುಣ್ಯದ ಸರ್ಟಿಫಿಕೇಟ್ ಅಲ್ಲ. ನನ್ನ ಮನೆ ನಿಂತಿರುವುದು ನನ್ನ ದುಡಿಮೆಯಿಂದ ಮಾತ್ರವಲ್ಲ, ಗುಡ್ಡ ಜರಿಯದ ಕಡೆ ಅದು ಇದ್ದುದರಿಂದಲೂ ಹೌದು. ನೆರೆಯವನ ಸೋಲಿನಲ್ಲಿ ತಪ್ಪನ್ನು ಹುಡುಕಲು ನಾವು ಆತುರಪಡುವುದು ನಮ್ಮ ಗೆಲುವನ್ನು ನಮ್ಮದೇ ಎಂದು ಹೇಳಿಕೊಳ್ಳುವ ಆಸೆಯಿಂದಲೇ ಇರಬಹುದು.

ಲೊಯೋಲದ ಸಂತ ಇಗ್ನೇಷಿಯಸರ ಮೂವತ್ತರ ದಶಕವನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. 1491ರಲ್ಲಿ ಹುಟ್ಟಿದ ಅವರು 1521ರ ಮೇ 20ರಂದು ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡರು. ಸೈನಿಕನ ಬದುಕು ಅಲ್ಲಿಗೆ ಮುಗಿಯಿತು. 1523ರಲ್ಲಿ ಜೆರುಸಲೇಮಿಗೆ ಹೋಗಿ ಅಲ್ಲೇ ನೆಲೆಸಬೇಕೆಂದಿದ್ದರು, ಹಿಂದಿರುಗುವಂತೆ ಆಜ್ಞೆಯಾಯಿತು. ತಮ್ಮ 33ರ ವಯಸ್ಸಿನಲ್ಲಿ ಬಾರ್ಸೆಲೋನಾದಲ್ಲಿ ಲ್ಯಾಟಿನ್ ವ್ಯಾಕರಣವನ್ನು ಮೊದಲ ಪಾಠದಿಂದ ಕಲಿಯಲು ಕುಳಿತರು. 1527ರಲ್ಲಿ ಅಲ್ಕಾಲಾದಲ್ಲಿ ವಿಚಾರಣೆಗೊಳಗಾಗಿ 42 ದಿನ ಸೆರೆಯಲ್ಲಿದ್ದರು. ಮರುವರ್ಷ ಪ್ಯಾರಿಸ್ ಸೇರಿ ಹುಡುಗರ ನಡುವೆ ಕುಳಿತು ಮತ್ತೆ ಅದೇ ವ್ಯಾಕರಣವನ್ನು ಓದಿದರು. ಅಲ್ಲಿ ನಂಬಿ ಒಡನಾಡಿಯೊಬ್ಬನ ಕೈಗೆ ಕೊಟ್ಟಿದ್ದ ಹಣವನ್ನು ಅವನು ಖರ್ಚು ಮಾಡಿಬಿಟ್ಟ, ಅವರು ಭಿಕ್ಷೆ ಬೇಡಬೇಕಾಯಿತು.

ಮುಂದೆ 1540ರಲ್ಲಿ ಯೇಸುಸಭೆ ಸ್ಥಾಪನೆಯಾಯಿತಲ್ಲ, ಕಷ್ಟಕ್ಕೆ ಫಲ ದೊರೆಯಿತಲ್ಲ ಎನ್ನಬಹುದು. ಆದರೆ ನಾನು ಈ ಕಥೆಯನ್ನು ಹೇಳುತ್ತಿರುವುದು ಆ ಫಲಕ್ಕಾಗಿ ಅಲ್ಲ. ಎಲ್ಲ ಹಿನ್ನಡೆಗಳ ಕೊನೆಗೂ ಅಂಥದೊಂದು ಗೆಲುವು ಕಾದಿರುವುದಿಲ್ಲ. ಹಾಗೆ ಮಾತು ಕೊಡುವುದು ನೊಂದವರಿಗೆ ಮಾಡುವ ಮೋಸ. ನನಗೆ ಮುಖ್ಯವೆನಿಸುವುದು ಇನ್ನೊಂದು ಚಿಕ್ಕ ಸಂಗತಿ. ಹಣ ಕಳೆದ ಆ ಒಡನಾಡಿ ರೂವಾಂ ಪಟ್ಟಣದಲ್ಲಿ ಕಾಯಿಲೆ ಬಿದ್ದಿದ್ದಾನೆಂದು ತಿಳಿದಾಗ ಇಗ್ನೇಷಿಯಸರು ಅಷ್ಟು ದೂರವೂ ಬರಿಗಾಲಿನಲ್ಲಿ ನಡೆದು ಹೋಗಿ ಅವನಿಗೆ ನೆರವಾದರು. ತಪ್ಪು ಅವನದು, ನಷ್ಟ ಇವರದು. ಆದರೂ ಅಂದು ತಾನೇನು ಮಾಡಬೇಕೆಂಬುದು ಇವರ ಕೈಯಲ್ಲೇ ಉಳಿದಿತ್ತು. ಹಿನ್ನಡೆ ಅದನ್ನು ಕಸಿದುಕೊಳ್ಳಲಾಗಲಿಲ್ಲ.

ನನಗೆ 34 ವರ್ಷವಾಗಿದ್ದಾಗ ನಾನು ದುಡಿಯುತ್ತಿದ್ದ ಕಡೆ ಕೆಲಸ ನಿಂತುಹೋಯಿತು. ಏಳು ತಿಂಗಳು ಮನೆಯಲ್ಲಿದ್ದೆ. ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮನ್ನೇ ಏಕೆ ತೆಗೆದರು?’ ಧರ್ಮಕೇಂದ್ರದ ಹಿರಿಯರೊಬ್ಬರು ಮಾತ್ರ ಏನನ್ನೂ ಕೇಳಲಿಲ್ಲ. ತಮ್ಮ ಹಿತ್ತಲಿನ ಹಲಸಿನ ಹಣ್ಣನ್ನು ತಂದಿಟ್ಟು, ನನ್ನ ಮಗಳಿಗೆ ಮಗ್ಗಿ ಹೇಳಿಕೊಡುತ್ತ ಅರ್ಧ ತಾಸು ಕುಳಿತು ಹೋದರು. ಆ ದಿನ ನನಗೆ ಕೆಲಸ ಸಿಗಲಿಲ್ಲ. ಆದರೆ ನಾನು ಆರೋಪಿಯಲ್ಲ, ಒಬ್ಬ ತಂದೆ, ಒಬ್ಬ ನೆರೆಯವನು ಎಂಬ ತಿಳಿವು ಮರಳಿ ಬಂತು. ಮರುದಿನದಿಂದ ಮಗಳ ಮಗ್ಗಿ ನನ್ನ ಕೆಲಸವಾಯಿತು.

ದಿನನಿತ್ಯದ ಬದುಕು ಎಂದು ನಾವು ಹಗುರಾಗಿ ಕರೆಯುವುದರ ಬೆಲೆ ಇಲ್ಲಿದೆ. ಸಂಬಳ ನಿಲ್ಲಬಹುದು, ಸಂಬಂಧ ಮುರಿಯಬಹುದು, ವೈದ್ಯರು ತಲೆಯಾಡಿಸಬಹುದು. ಆದರೆ ತಾಯಿಗೆ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಕೊಟ್ಟ ಮಾತಿಗೆ ನಿಲ್ಲುವುದು, ಬಾಗಿಲಿಗೆ ಬಂದವರೊಡನೆ ಸೌಜನ್ಯದಿಂದ ಮಾತನಾಡುವುದು, ಇವುಗಳಿಗೆ ಯಾವ ಹಿನ್ನಡೆಯೂ ಅಡ್ಡಬರಬೇಕಿಲ್ಲ. ದೇವರ ಮುಂದೆ ನಾವು ಉತ್ತರ ಕೊಡಬೇಕಾದುದು ನಮ್ಮ ಕೈಗೆ ಬಂದುದರ ಬಗ್ಗೆ, ಕೈಗೆ ಬಾರದುದರ ಬಗ್ಗೆ ಅಲ್ಲ.

ನಮ್ಮ ನಮ್ಮ ಧರ್ಮಕೇಂದ್ರಗಳಲ್ಲಿ ಇತ್ತೀಚೆಗೆ ಹಿಂದಿನ ಬೆಂಚಿಗೆ ಸರಿದು ಕುಳಿತವರು ಯಾರಾದರೂ ಇರಬಹುದು. ಕಾರಣ ಕೇಳದೆ ಒಮ್ಮೆ ಅವರ ಮನೆಗೆ ಹೋಗಿಬರೋಣ.