ಹಾಸುಹೊಕ್ಕಿನ ಸಂತರು

ಕ್ರಿ.ಶ. 394ರ ಸುಮಾರಿಗೆ ಸೈಪ್ರಸ್ಸಿನ ಬಿಷಪ್ ಎಪಿಫೇನಿಯಸ್, ಅನಬ್ಲಾತಾ ಎಂಬ ಪ್ಯಾಲೆಸ್ಟೈನಿನ ಹಳ್ಳಿಯಲ್ಲಿ ಚರ್ಚಿನ ಬಾಗಿಲ ತೆರೆಯ ಮೇಲೆ ಚಿತ್ರ ಕಂಡು, ಶಾಸ್ತ್ರಕ್ಕೆ ವಿರುದ್ಧವೆಂದು ಅದನ್ನು ಹರಿದುಹಾಕಿದ. ಚಿತ್ರ ಕ್ರಿಸ್ತನದೋ ಯಾವುದೋ ಸಂತನದೋ ಸರಿಯಾಗಿ ನೆನಪಿಲ್ಲವೆಂದು ತಾನೇ ಪತ್ರದಲ್ಲಿ ಬರೆದಿದ್ದಾನೆ. ಹರಿಯುವ ಆತುರದಲ್ಲಿ ನೋಡಲು ಪುರುಸೊತ್ತೆಲ್ಲಿ!

*

ಊರವರು ಶಾಸ್ತ್ರ ಎತ್ತಲಿಲ್ಲ. ಹರಿದವರು ಬೇರೆ ತೆರೆ ಕೊಡಬೇಕು ಎಂದರು. ಅವನು ಕಳಿಸಿಕೊಟ್ಟ. ಹರಿದದ್ದನ್ನು ಯಾವನಾದರೂ ಬಡವನ ಹೆಣಕ್ಕೆ ಸುತ್ತಿ ಎಂದೂ ಹೇಳಿದ್ದ. ಚಿತ್ರ ಬೇಡವಾದವನಿಗೂ ಬಟ್ಟೆಯ ಬೆಲೆ ಗೊತ್ತಿತ್ತು.

*

ಸುಮಾರು ಅದೇ ಕಾಲಕ್ಕೆ ಅಮಾಸಿಯಾದ ಬಿಷಪ್ ಆಸ್ಟೇರಿಯಸ್, ಸುವಾರ್ತೆಯ ಕಥೆಗಳನ್ನು ಉಡುಪಿನ ಮೇಲೆ ನೇಯಿಸಿಕೊಂಡು ಮೆರೆಯುವ ಸಿರಿವಂತರನ್ನು ತರಾಟೆಗೆ ತೆಗೆದುಕೊಂಡ. ಆ ಬಟ್ಟೆ ಮಾರಿಬಿಡಿ; ರೋಗಿಯ ಚಿತ್ರ ತೊಡುವ ಬದಲು ರೋಗಿಯನ್ನು ಹುಡುಕಿಕೊಂಡು ಹೋಗಿ ಎಂಬುದು ಅವನ ಮಾತಿನ ಸಾರ. ಯಾರೂ ಅಷ್ಟಾಗಿ ಕೇಳಿದಂತಿಲ್ಲ: ರವೆನ್ನಾದ ಸಾನ್ ವಿಟಾಲೆ ಚರ್ಚಿನ 6ನೇ ಶತಮಾನದ ಮೊಸಾಯಿಕ್‌ನಲ್ಲಿ ರಾಣಿ ಥಿಯೊಡೋರಾಳ ಮೇಲಂಗಿಯ ಅಂಚಿನಲ್ಲೇ ಮೂವರು ಜ್ಞಾನಿಗಳು ಶಿಶು ಯೇಸುವಿಗೆ ಕಾಣಿಕೆ ಹಿಡಿದು ಸಾಗುತ್ತಿದ್ದಾರೆ.

*

ಗೋಡೆಯ ಚಿತ್ರ ಕೆರೆದರೆ ಗೋಡೆ ಉಳಿಯುತ್ತದೆ. ನೇಯ್ದ ಚಿತ್ರದಲ್ಲಿ ಹೊಕ್ಕಿನ ನೂಲೇ ಮುಖ, ಹೊಕ್ಕಿನ ನೂಲೇ ಕಣ್ಣು. ಮುಖ ಕಿತ್ತರೆ ಬಟ್ಟೆಯೇ ಬಿಚ್ಚಿಕೊಳ್ಳುತ್ತದೆ.

*

ಕ್ಲೀವ್‌ಲ್ಯಾಂಡ್ ಮ್ಯೂಸಿಯಮ್ಮಿನಲ್ಲಿರುವ 6ನೇ ಶತಮಾನದ, ಈಜಿಪ್ಟಿನಲ್ಲಿ ನೇಯ್ದ ಯೇಸುವಿನ ತಾಯಿ ಮೇರಿ ಪೂರಾ ಉಣ್ಣೆಯವಳು. ಅಕ್ಕಪಕ್ಕ ದೇವದೂತರಾದ ಮಿಕಾಯೇಲ, ಗಬ್ರಿಯೇಲ; ಸುತ್ತಲಿನ ಹೂಹಣ್ಣಿನ ಅಂಚಿನಲ್ಲಿ ಅಪೊಸ್ತಲರು. ನಾರುಬಟ್ಟೆ ಬಣ್ಣ ಹಿಡಿಯಲು ಸತಾಯಿಸುತ್ತದೆ, ಉಣ್ಣೆ ಬೇಗ ಕುಡಿಯುತ್ತದೆ. ದೈವದ ಕೆಂಪು ನೀಲಿಗಳಿಗೆ ಕುರಿಯ ಋಣವೂ ಇದೆ.

*

ಚರ್ಚಿನಲ್ಲಿ ತೂಗಿದ ತೆರೆಗಳು ಹೊಗೆಗೆ, ನುಸಿಗೆ, ಬೆಂಕಿಗೆ ಹೋದವು. ಈಜಿಪ್ಟಿನ ಒಣಮರಳಿನಲ್ಲಿ ಹೆಣದೊಡನೆ ಹೂತದ್ದು ಉಳಿಯಿತು.

*

ಇಂಗ್ಲೆಂಡಿನ ಡರಮ್‌ನಲ್ಲಿ 1827ರಲ್ಲಿ ಸಂತ ಕತ್‌ಬರ್ಟನ ಸಮಾಧಿ ತೆರೆದಾಗ ಚಿನ್ನದ ಎಳೆಯ ಕಸೂತಿಯ ಹೆಗಲುಪಟ್ಟಿ ಸಿಕ್ಕಿತು. ಪ್ರವಾದಿಗಳ ಪಕ್ಕ ಅವರವರ ಹೆಸರು. ತುದಿಯಲ್ಲಿ ಅದನ್ನು ಮಾಡಿಸಿದ ರಾಣಿ ಆಲ್ಫ್‌ಫ್ಲೆಡ್‌ಳ ಹೆಸರು, ಪಡೆಯಬೇಕಿದ್ದ ಬಿಷಪ್ ಫ್ರಿಥೆಸ್ಟಾನನ ಹೆಸರು. ಇಷ್ಟೆಲ್ಲ ಅಕ್ಷರ ಹೊಲಿದವರು ತಮ್ಮದೊಂದನ್ನು ಎಲ್ಲೂ ಸೇರಿಸಲಿಲ್ಲ. ಸೇರಿಸಲು ಬಿಟ್ಟಿರಲಿಕ್ಕಿಲ್ಲ.

*

ಫ್ರಾನ್ಸಿನ ಸೇಂಟ್ ಜೋಸ್ ಚರ್ಚಿನಲ್ಲಿ ಸಂತನ ಎಲುಬುಗಳನ್ನು ಸುತ್ತಿಟ್ಟಿದ್ದ ರೇಷ್ಮೆ 10ನೇ ಶತಮಾನದ ಖೊರಾಸಾನಿನದು. ಅದರ ಮೇಲೆ ಆನೆಗಳಿವೆ, ಒಬ್ಬ ಮುಸ್ಲಿಂ ಸೇನಾನಿಗಾಗಿ ಅರಬ್ಬಿಯಲ್ಲಿ ನೇಯ್ದ ಪ್ರಾರ್ಥನೆಯಿದೆ. ಸಂತ ತಕರಾರು ಮಾಡಿದ ದಾಖಲೆಯಿಲ್ಲ.